ಗೊರಗೊರ ಕ್ಯಾಸೆಟ್ಟು

ಏಪ್ರಿಲ್ 6, 1997. ಭಾನುವಾರ

ಮತ್ತೆ ಅದೇ ಸರ್ಕಸ್ಸು. ಗಿಟಾರ್ ಒಂದು ಡೆಕ್‌ನಲ್ಲಿ ರೆಕಾರ್ಡ್ ಮಾಡಿದೆ, ಅದನ್ನು ಪ್ಲೇ ಮಾಡುತ್ತಾ ಹಾಡಿ ಇನ್ನೊಂದರಲ್ಲಿ ಹಿಡಿದೆ. ಕೊನೆಯ ಸಾಲಿಗೆ ಸರಿಯಾಗಿ ಅಡುಗೆಮನೆಯಲ್ಲಿ ಅಮ್ಮನ ಕುಕ್ಕರ್ ವಿಶಲ್... ಅದೂ ಟೇಪಿಗೆ ಸೇರಿತು. ಇರಲಿ. ಆರನೇ ಹಾಡು ಮುಗಿಯಿತು, ಅಷ್ಟು ಸಾಕು.

ಹಳೇ ರೇಡಿಯೋಗೆ ಗಿಟಾರ್ ಸಿಕ್ಕಿಸಿದರೆ ಬಟ್ಟೆ ಹರಿದಂಥ ಸದ್ದು ಬರುತ್ತದೆ. ನನಗೆ ಬೇಕಾದ್ದು ಅದೇ. ಯಾರಿಗೂ ಅರ್ಥವಾಗಲ್ಲ. ಬ್ರಿಗೇಡ್ ರೋಡಿನ ಇಂಗ್ಲಿಷ್ ರಾಕ್ ಹುಡುಗರಿಗೆ ಕನ್ನಡ ಅಂದರೆ ನಗು. ಆರ್ಕೆಸ್ಟ್ರಾದವರಿಗೆ ಸಿನಿಮಾ ಹಾಡೇ ಆಗಬೇಕು. ಕಾಲೇಜ್ ಫೆಸ್ಟಲ್ಲಿ ಮೂರು ಹಾಡಿ ಇಳಿದೆ, ಒಂದು ಚಪ್ಪಾಳೆ ಇಲ್ಲ. ಮೈಕ್‌ನವನು ಮಾತ್ರ ಬಂದು, ವೈರ್ ಲೂಸ್ ಇತ್ತಾ ಮೇಡಂ ಅಂತ ಕೇಳಿದ. ಅವನ ತಲೆ.

ಏಪ್ರಿಲ್ 14

ನಂಬಲಾಗುತ್ತಿಲ್ಲ. ಮಲ್ಲೇಶ್ವರದ ಅಭಿನಂದನ್ ಅಂತ, ಭಕ್ತಿಗೀತೆ ಕ್ಯಾಸೆಟ್ ಮಾಡಿ ಮಾರುವವರು. ಈ ಸಲ ಏನಾದರೂ ಹೊಸದು ತರಬೇಕಂತೆ. ಒಂದು ಹಾಡು ಎದುರಿಗೇ ಕೂತು ಹಾಡಿದೆ. ಆರು ಹಾಡಿನ ಟೇಪ್ ಮನೆಯಲ್ಲಿದೆ ಅಂದೆ. ಆಮೇಲೆ, "ಕ್ಲೀನ್ ಗೀನ್ ಮಾಡ್ಬೇಡಿ. ಒರಿಜಿನಲ್ ಟೇಪೇ ತನ್ನಿ, ಮೂವತ್ತನೇ ತಾರೀಖಿನ ಒಳಗೆ" ಅಂದರು.

ಇರುವುದು ಒಂದೇ ಟೇಪು. ಕಾಪಿ ಮಾಡಿದರೆ ಉಳಿದ ದನಿಯೂ ಹೋಗುತ್ತೆ. ಮೇಲೆ ಯಾರೂ ರೆಕಾರ್ಡ್ ಮಾಡಬಾರದು ಅಂತ ಕ್ಯಾಸೆಟ್ಟಿನ ಹಿಂದಿನ ಪ್ಲಾಸ್ಟಿಕ್ ತುಂಡು ಮುರಿದು ಹಾಕಿದೆ. ಲೇಬಲ್ ಖಾಲಿ. ಆಲ್ಬಮ್‌ಗೆ ಹೆಸರೇ ಹೊಳೆಯುತ್ತಿಲ್ಲ.

ಏಪ್ರಿಲ್ 26

ಹೋಯಿತು.

ಅಪ್ಪ ದಿನಾ ಸಂಜೆ ಚಾಮರಾಜಪೇಟೆಯ ರಾಮನವಮಿ ಪೆಂಡಾಲಿಗೆ ಹೋಗುತ್ತಾರೆ, ತೊಡೆಯ ಮೇಲೆ ಸಣ್ಣ ಟೇಪ್‌ರೆಕಾರ್ಡರ್ ಇಟ್ಟುಕೊಂಡು. ನಿನ್ನೆ ಸಂಗೀತ ಕಚೇರಿ ಲಂಬಿಸಿತಂತೆ. ಒಯ್ದ ಕ್ಯಾಸೆಟ್ ಮುಗಿದು, ಇರಲಿ ಅಂತ ಡ್ರಾಯರಿನಿಂದ ಚೀಲಕ್ಕೆ ಹಾಕಿಕೊಂಡಿದ್ದ ಇನ್ನೊಂದನ್ನು ಹಾಕಿದ್ದಾರೆ. ನನ್ನದನ್ನು. ಮುರಿದ ಜಾಗಕ್ಕೆ ನೀಟಾಗಿ ಸೆಲೋಟೇಪು, ಅಂಟಿಸಿದರೆ ಮತ್ತೆ ರೆಕಾರ್ಡ್ ಆಗುತ್ತೆ. ಬಸವನಗುಡಿಯಲ್ಲಿ ಈ ವಿದ್ಯೆ ಬರದ ಗಂಡಸೇ ಇಲ್ಲ.

ಹಾಕಿ ನೋಡಿದೆ. ಮೃದಂಗ. ನಿಲ್ಲಿಸಿ ಕಿರುಚಿದೆ. ಕೇಳಿ ನೋಡದೆ ಹೇಗೆ ಹಾಕಿದಿರಿ ಅಂದೆ.

"ಕೇಳ್ದೆ ಪ್ರಿಯಂವದಾ. ಶುರುವಿನಲ್ಲಿ ಪೂರ್ತಿ ಒಂದು ನಿಮಿಷ ಕೇಳ್ದೆ" ಅಂದರು ಅಪ್ಪ, ಪಾಪದ ಮುಖ ಮಾಡಿ. "ಬರೀ ಗೊರಗೊರ. ಟೇಪು ಕೆಟ್ಟೋಗಿದೆ ಅನ್ಕೊಂಡೆ."

ಅಳು ಬಂತು. ಸುಳ್ಳು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಏಪ್ರಿಲ್ 29

ಮೂರು ದಿನದಿಂದ ಮತ್ತೆ ಹಾಡುತ್ತಿದ್ದೇನೆ. ಎಲ್ಲ ಸಪ್ಪೆ. ಸಿಟ್ಟಿದೆ, ಆದರೆ ಹಾಡಿಗೆ ಬೇಕಾದ ಸಿಟ್ಟಲ್ಲ — ಅಪ್ಪನ ಮೇಲಿನ ಸಿಟ್ಟು. ಸ್ವಲ್ಪ ಮೆತ್ತಗೆ ಹಾಡಬಾರದೇನೇ ಅಂತ ಅಮ್ಮ ಬೇರೆ. ಗಾಂಧಿ ಬಜಾರಿನ ಎಸ್‌ಟಿಡಿ ಬೂತಿನಿಂದ ಅಭಿನಂದನ್‌ಗೆ ಫೋನ್ ಮಾಡಿದೆ. ಒಂದು ವಾರ ಕೊಡಿ ಅಂದೆ. ಆಗಲ್ಲಮ್ಮ, ನಾಳೆ ಬಿಟ್ಟರೆ ಮತ್ತೆ ದೇವರ ಹಾಡೇ ಅಂದರು.

ಅಪ್ಪನ ಹತ್ತಿರ ಮಾತಿಲ್ಲ. ನಿನ್ನೆಯಿಂದ ಅವರು ಪೆಂಡಾಲಿಗೂ ಹೋಗಿಲ್ಲ.

ಏಪ್ರಿಲ್ 30. ಬೆಳಿಗ್ಗೆ

ಕಾಫಿ ತಂದಿಟ್ಟು ಅಪ್ಪ ಅಲ್ಲೇ ನಿಂತರು. "ಕೊನೇವರೆಗೂ ಹಾಕಿದ್ಯಾ? ಮಂಗಳ ಆದ್ಮೇಲೆ ನಾನು ನಿಲ್ಸಿಬಿಟ್ಟೆ."

ಹಾಕಿದೆ. ಮಂಗಳ ಮುಗಿಯಿತು. ಚಪ್ಪಾಳೆ — ಇಡೀ ಪೆಂಡಾಲಿನದು, ನಿಲ್ಲುತ್ತಲೇ ಇಲ್ಲ. ಟಕ್. ಅದರ ಬೆನ್ನಿಗೇ ನನ್ನ ಗಿಟಾರ್. ಆರನೇ ಹಾಡು. ಮೊದಲ ಅಕ್ಷರದಿಂದ.

ಅಷ್ಟೂ ಜನ ನನಗೇ ತಟ್ಟಿದ ಹಾಗಿತ್ತು.

ಅಪ್ಪ ಪಕ್ಕದಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕಿದರು. ತಪ್ಪಿತು. ಮತ್ತೆ ಹಾಕಿದರು. ಮತ್ತೆ ತಪ್ಪಿತು. ಕೊನೆಗೆ, "ತಾಳ ನಿಲ್ಲಲ್ಲಮ್ಮ ಇದರಲ್ಲಿ. ಆದ್ರೆ ಆ ಕುಕ್ಕರ್ ಮಾತ್ರ ಸರಿಯಾದ ಜಾಗಕ್ಕೆ ಬಿದ್ದಿದೆ" ಅಂದರು.

ನಗಬಾರದು ಅಂತಿದ್ದೆ.

ಸೆಲೋಟೇಪ್ ಕಿತ್ತು ಹಾಕಿದೆ. ಚಪ್ಪಾಳೆ ಕತ್ತರಿಸಲ್ಲ, ಹಾಗೇ ಕೊಡುತ್ತೇನೆ. ಇದ್ದ ಆರರಲ್ಲಿ ಉಳಿದದ್ದು ಒಂದು. ಅಭಿನಂದನ್ ಬೈಯಲಿ, ಬಾಗಿಲು ತೋರಿಸಲಿ. ಅಪ್ಪ ಚಪ್ಪಲಿ ಮೆಟ್ಟಿ ಗೇಟಿನ ಹತ್ತಿರ ನಿಂತಿದ್ದಾರೆ, ಮಲ್ಲೇಶ್ವರಕ್ಕೆ ಅವರೂ ಬರುತ್ತಾರಂತೆ, ತಪ್ಪು ತಮ್ಮದು ಅಂತ ಹೇಳುವುದಕ್ಕೆ. ಬೇಡ ಅಂದರೂ ಕೇಳುತ್ತಿಲ್ಲ. ಲೇಬಲ್ ಇನ್ನೂ ಖಾಲಿ. ಬಸ್ಸಿಗೆ ಹೊತ್ತಾಯಿತು ಅಂತ ಕೂಗುತ್ತಿದ್ದಾರೆ, ಹೆಸರು ಏನಾದರೂ ಒಂದು ಬರೆದು ಓಡಬೇಕು. ಗೊರಗೊರ ಅಂತಲೇ ಬರೆದೆ.