ಮಂಗಳವಾರದ ನಾಲ್ಕು ಗಂಟೆ

ಅಕ್ಕಾ,

ಕೌನ್ಸೆಲಿಂಗ್ ಕ್ಲಿನಿಕ್ಕಿನಿಂದ ಈಗಷ್ಟೇ ಫೋನ್ ಬಂದಿತ್ತು. "ನಮ್ಮ ತಮ್ಮ ಮುಖದ ಆಪರೇಷನ್ ಆದ್ಮೇಲೆ ನಿಮ್ಮತ್ರ ಬರೋದೇ ಬಿಟ್ಟಿದ್ದಾನೆ, ತಲೆ ಪೂರ್ತಿ ಕೆಟ್ಟಿದೆ" ಅಂತ ಹೇಳಿ ಮಂಗಳವಾರ ನಾಲ್ಕು ಗಂಟೆಗೆ ನನ್ನ ಹೆಸರು ಬರೆಸಿದ್ದೀಯಂತೆ. ನನ್ನನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವೇ?

ಬಿಟ್ಟದ್ದು ನಿಜ. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳಿಗೆ ಕನ್ನಡಿ ಹಿಡಿಯುವಾಗ ನನ್ನ ಮುಖ ಅದರಲ್ಲಿ ಬೀಳದಂತೆ ಆರು ವರ್ಷ ಪಕ್ಕಕ್ಕೆ ಸರಿದು ನಿಂತವಳು ನಾನು. ಆ ಆರು ವರ್ಷವೂ ವಾರ ತಪ್ಪದೆ ಆ ಕ್ಲಿನಿಕ್ಕಿನ ಡಾಕ್ಟರಮ್ಮನ ಮುಂದೆ ಕೂತು ಅತ್ತಿದ್ದೇನೆ. ಯಾಕೆ ಹೋಗುತ್ತೀಯ ಅಂತ ನೀನು ಒಮ್ಮೆಯೂ ಕೇಳಲಿಲ್ಲ. ಗಂಡಸಿನಂತಿದ್ದ ಹಣೆ, ದವಡೆಯ ಮೂಳೆಯನ್ನು ಹೆಣ್ಣಿನ ಮುಖಕ್ಕೆ ಒಪ್ಪುವಂತೆ ತಿದ್ದಿಸಿಕೊಂಡ ಮೇಲೆ ಈಗ ಗಿರಾಕಿಯ ಬೆನ್ನ ಹಿಂದೆಯೇ ನಿಂತು, ಫ್ರೇಮು ಒಪ್ಪುತ್ತದೋ ಇಲ್ಲವೋ ಅಂತ ಅದೇ ಕನ್ನಡಿಯಲ್ಲಿ ನೋಡಿ ಹೇಳುತ್ತೇನೆ. "ಬೇಕು ಅನ್ನಿಸಿದ್ರೆ ಫೋನ್ ಮಾಡಿ, ಇಲ್ದಿದ್ರೆ ಆರಾಮಾಗಿರಿ" ಅಂತ ಡಾಕ್ಟರಮ್ಮನೇ ಕಳಿಸಿಕೊಟ್ಟರು. ವಾಸಿಯಾದವರು ಸುಮ್ಮಸುಮ್ಮನೆ ಆಸ್ಪತ್ರೆ ಮೆಟ್ಟಿಲು ಹತ್ತುತ್ತಾರೇನೇ?

ಆಪರೇಷನ್ ಆದಮೇಲೆ ಮೂರು ಸಲ ನಿನ್ನ ಮನೆಗೆ ಬಂದೆ. ಮೂರು ಸಲವೂ ನೀನು ಮುಖ ಕೊಟ್ಟು ಮಾತಾಡಲಿಲ್ಲ; ಗೋಡೆ ನೋಡಿಕೊಂಡು "ಊಟ ಆಯ್ತಾ" ಅಂದೆ. ಈ ಮುಖ ನೋಡಲಾಗದ ಕಾಯಿಲೆ ಈಗ ನನಗಿಲ್ಲ, ನಿನಗಿದೆ.

ಅದಕ್ಕೇ ಮಂಗಳವಾರದ ಹೊತ್ತನ್ನು ರದ್ದು ಮಾಡಿಸಿಲ್ಲ. ನನ್ನ ಹೆಸರು ತೆಗೆಸಿ ನಿನ್ನ ಹೆಸರು ಬರೆಸಿದ್ದೇನೆ. ಹತ್ತು ನಿಮಿಷ ಮೊದಲೇ ಹೋಗು. ಜೊತೆಗೆ ಯಾರು ಬಂದಿದ್ದಾರೆ ಅಂತ ಕೇಳಿದರೆ, ಹೊರಗೆ ಬೆಂಚಿನ ಮೇಲೆ ಕೂತಿರುವ ನನ್ನನ್ನು ನೋಡಿಕೊಂಡೇ ಹೇಳು.

ನಿನ್ನ ತಂಗಿ