ಪಕ್ಕದ ಮಂಚದ ಹಮೀದಾಕನಿಗೆ ಒಂದು ಖುಷಿಯ ಸುದ್ದಿ

ನನ್ನ ಪಕ್ಕದ ಮಂಚದ ಹಮೀದಾಕ,

ನಾನು ಶೋಭಾ, ಜೆಪ್ಪುವಿನ ಟೈಲರ್ ಶೋಭಾ. ಹೇಗಿದ್ದೀರಿ ಎಂದು ನಿಮ್ಮನ್ನು ಕೇಳುವುದು ಸರಿಯೋ ತಪ್ಪೋ ಗೊತ್ತಿಲ್ಲ, ಆದರೆ ಕೇಳದೆ ಪತ್ರ ಶುರು ಮಾಡುವುದಾದರೂ ಹೇಗೆ? ಅಲ್ಲಿ ನಿಮಗೆ ಬೇಕಾದಷ್ಟು ನೀರು ಕುಡಿಯಲು ಯಾರೂ ಅಡ್ಡಿ ಮಾಡುತ್ತಿಲ್ಲ ಎಂದೇ ನಂಬಿದ್ದೇನೆ. ನನಗೆ ಹೇಳಲಿಕ್ಕೆ ಎಷ್ಟು ಉಂಟೆಂದರೆ, ಮನೆಗೆ ಬಂದವಳು ಸೀರೆ ಕೂಡ ಬದಲಿಸದೆ ಬರೆಯಲು ಕುಳಿತಿದ್ದೇನೆ. ಆದರೂ ಮೊದಲಿನಿಂದಲೇ ಹೇಳುತ್ತೇನೆ. "ನೀನು ಕಥೆಯನ್ನು ನಡುವಿನಿಂದ ಹೇಳ್ತಿ ಮಾರಾಯ್ತಿ, ನನಗೆ ತಲೆಬುಡ ಗೊತ್ತಾಗುವುದಿಲ್ಲ" ಎಂದು ನೀವು ಎಷ್ಟು ಸಲ ಬೈದಿಲ್ಲ!

ಡಯಾಲಿಸಿಸ್‌ಗೆ ನಾನು ಬಂದ ಮೊದಲ ದಿನ ನಿಮಗೆ ನೆನಪಿದೆಯಾ? ಮುಖದ ಮೇಲೆ ಟವೆಲ್ ಹಾಕಿಕೊಂಡು ಅಳುತ್ತಿದ್ದೆ. ಮೈಯ ರಕ್ತವೆಲ್ಲ ನಳಿಗೆಯಲ್ಲಿ ಹೊರಗೆ ಹೋಗಿ, ಯಂತ್ರದಲ್ಲಿ ತೊಳೆದು, ಪುನಃ ಒಳಗೆ ಬರುತ್ತದೆ ಎಂದು ಕೇಳಿಯೇ ಹೆದರಿದ್ದೆ. ಯಾವ ಕೆಲಸ ಎಂದು ನರ್ಸ್ ಕೇಳಿದ್ದಕ್ಕೆ ನಾನು "ಟೈಲರಿಂಗ್" ಎಂದದ್ದು ಪಕ್ಕದ ಮಂಚದಲ್ಲಿದ್ದ ನಿಮಗೆ ಕೇಳಿಸಿತ್ತು. "ಎಂತ, ಟೈಲರಾ? ದಿನವಿಡೀ ಬಟ್ಟೆಗೆ ಸೂಜಿ ಚುಚ್ಚುವವಳು, ಎರಡು ಸೂಜಿಗೆ ಹೀಗೆ ಅಳುವುದಾ? ಬಟ್ಟೆ ಯಾವತ್ತಾದ್ರೂ ಅತ್ತದ್ದುಂಟಾ?" ಎಂದಿರಿ. ಅಳುತ್ತಿದ್ದವಳಿಗೆ ನಗು ಬಂದು, ಟವೆಲ್ ಕೆಳಗೆ ಬಿದ್ದು, ನಾನು ನಿಮ್ಮ ಮುಖ ನೋಡಿದ್ದು ಆಗಲೇ. ಬಂದರಿನಲ್ಲಿ ಬಟ್ಟೆ ಅಂಗಡಿ ಇದ್ದ, ಬಿಳಿ ಗಡ್ಡದ, ನನ್ನ ಅಪ್ಪನ ಪ್ರಾಯದ ಮನುಷ್ಯ. ಆ ದಿನದಿಂದ, ಬ್ಯಾರಿಗಳು ಅಣ್ಣನನ್ನು ಕರೆಯುವ ಹಾಗೆ, ನೀವು ನನಗೆ ಹಮೀದಾಕ.

ಕಾಯಿಲೆ ಶುರುವಾದ ಬಗೆ ನಿಮಗೆ ಹೇಳಿದ ದಿನ ನೀವು ನಕ್ಕದ್ದು ಇನ್ನೂ ಕಿವಿಯಲ್ಲಿದೆ. ಬೆಳಗ್ಗೆ ಏಳುವಾಗ ಮುಖ ಊದಿರುತ್ತಿತ್ತು. ನೆರೆಮನೆಯವರು "ಸ್ವಲ್ಪ ತೋರ ಆಗಿದ್ದಿ, ಒಳ್ಳೇದಾಯ್ತು" ಎನ್ನುತ್ತಿದ್ದರು. ಸಂಜೆ ಚಪ್ಪಲಿ ತೆಗೆದರೆ ಅದರ ಪಟ್ಟಿಯ ಗುರುತು ಕಾಲಿನಲ್ಲಿ ಹೊಂಡದ ಹಾಗೆ ಉಳಿಯುತ್ತಿತ್ತು. ಮೂತ್ರದಲ್ಲಿ ನೊರೆ. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ನಾನು ಸ್ವೆಟರ್ ಹಾಕಿಕೊಂಡು ಹೊಲಿಯುತ್ತಿದ್ದೆ. ಕೊನೆಗೆ ಒಂದು ದಿನ ಮದುವೆ ರವಿಕೆಗೆ ಎರಡೂ ಎಡಗೈಯ ತೋಳನ್ನೇ ಕತ್ತರಿಸಿಟ್ಟೆ. ತಲೆಯೊಳಗೆ ಮಂಜು ಕವಿದ ಹಾಗೆ. ನೋಡುತ್ತಿದ್ದೇನೆ, ಆದರೆ ಕಾಣುತ್ತಿಲ್ಲ. ಅದನ್ನು ಕಂಡು ಹೆದರಿಯೇ ನನ್ನ ಗಂಡ ದಿನೇಶ ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದದ್ದು. ನೀವು ಎಲ್ಲ ಕೇಳಿ, "ಎರಡೂ ಎಡಗೈಯಾ! ಆ ಮದುಮಗಳು ಎಂತ ಮಾಡಿದಳು?" ಎಂದು ನಕ್ಕದ್ದಕ್ಕೆ ನಳಿಗೆ ಅಲುಗಿ, ನಿಮ್ಮ ಯಂತ್ರದ ಅಲಾರಂ ಕೂಗಿಕೊಂಡು ನರ್ಸ್ ಓಡಿ ಬಂದಿದ್ದಳು.

ಎಷ್ಟೆಲ್ಲ ಕಲಿಸಿದಿರಿ ನೀವು! ಮೈಯೆಲ್ಲ ತುರಿಕೆ ಶುರುವಾದ ಕಾಲದಲ್ಲಿ ನಾನು ಬಟ್ಟೆ ಅಳೆಯುವ ಮರದ ಸ್ಕೇಲಿನಿಂದ ಬೆನ್ನು ಕೆರೆದುಕೊಂಡು ಗಾಯ ಮಾಡಿಕೊಂಡಿದ್ದೆ. ಕಜ್ಜಿಯಲ್ಲ, ಬೆವರುಸಾಲೆಯಲ್ಲ, ಚರ್ಮದ ಕೆಳಗೆ ಇರುವೆ ಹರಿದಾಡಿದ ಹಾಗೆ. ಇದು ಹೀಗೇ ಎಂದು ಸುಮ್ಮನಿದ್ದೆ. ನೀವು ಬಿಡಲಿಲ್ಲ. "ಡಾಕ್ಟರಿಗೆ ಹೇಳಿದ್ದಿಯಾ? ತುರಿಕೆ ತರುವ ಫಾಸ್ಫರಸ್ ಇಳಿಸುವ ಆ ಮಾತ್ರೆ ಯಾವಾಗ ತಗೊಳ್ತಿ?" ಎಂದು ಕೇಳಿದಿರಿ. ಮಲಗುವ ಮೊದಲು ಎಂದೆ. "ಅಯ್ಯೋ, ಅದು ಊಟದ ಒಟ್ಟಿಗೆ ತಗೊಳ್ಳಬೇಕು. ಹೋಗಿ ಡಾಕ್ಟರ ಹತ್ತಿರ ಕೇಳು" ಎಂದಿರಿ. ಕೇಳಿದೆ, ಡಾಕ್ಟರೂ ಅದನ್ನೇ ಹೇಳಿದರು. ಕೆಲವು ವಾರಗಳಲ್ಲಿ ಬೆನ್ನು ತಣ್ಣಗಾಯಿತು. ನೀರನ್ನು ಅಳೆದು ಕುಡಿಯಬೇಕಾದ ನಮ್ಮ ಬಾಯಾರಿಕೆಗೆ ಮಂಜುಗಡ್ಡೆಯ ಸಣ್ಣ ಚೂರು ನಾಲಗೆಯ ಮೇಲಿಟ್ಟು ಕರಗಿಸುವುದನ್ನು ಕಲಿಸಿದವರೂ ನೀವೇ. ಊರಿಡೀ ಜೋರು ಮಳೆ, ಕಿಟಕಿಯ ಹೊರಗೆ ನೀರೇ ನೀರು, ಒಳಗೆ ನಾವಿಬ್ಬರು ಐಸ್ ಚೂರು ಚೀಪುತ್ತಾ... ಯಾರಾದರೂ ನೋಡಿದ್ದರೆ ಏನು ತಿಳಿದುಕೊಳ್ಳುತ್ತಿದ್ದರೋ!

ಬಂಗುಡೆ ಮೀನಿನ ವಿಷಯದಲ್ಲಿ ಮಾತ್ರ ನಿಮಗೂ ಉಪಾಯ ಗೊತ್ತಿರಲಿಲ್ಲ. ಡಯಾಲಿಸಿಸ್ ಶುರುವಾಗುವ ಮೊದಲಿನಿಂದಲೂ ನನ್ನ ಬಾಯಲ್ಲಿ ಯಾವಾಗಲೂ ತುಕ್ಕು ಹಿಡಿದ ಬೀಗ ಇಟ್ಟುಕೊಂಡ ಹಾಗಿನ ರುಚಿ. ಮೀನು ಕಾಯಿಸುವ ವಾಸನೆಗೇ ವಾಕರಿಕೆ. ಅದನ್ನು ಹೇಳುವಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ನೀವು ತಮಾಷೆ ಮಾಡಲಿಲ್ಲ. "ಜನರಿಗೆ ನೋವು ಹೇಳಿದ್ರೆ ಅರ್ಥ ಆಗ್ತದೆ ಶೋಭಾ. ರುಚಿ ಹೋದದ್ದು ಹೇಳಿದ್ರೆ ಅರ್ಥ ಆಗುವುದಿಲ್ಲ" ಎಂದಿರಿ. ನನಗೆ ಆ ಮಾತು ಎಷ್ಟು ಸಮಾಧಾನ ಕೊಟ್ಟಿತೆಂದು ನಿಮಗೆ ಯಾವತ್ತಾದರೂ ಹೇಳಿದ್ದೆನೋ ಇಲ್ಲವೋ...

ಆ ಸೋಮವಾರ ನಾನು ಬಂದಾಗ ನಿಮ್ಮ ಮಂಚಕ್ಕೆ ಹೊಸ ಬೆಡ್‌ಶೀಟ್ ಹಾಕುತ್ತಿದ್ದರು. "ಹಮೀದಾಕ ತಡವಾ ಇವತ್ತು?" ಎಂದು ಕೇಳಿದೆ. ನರ್ಸ್ ಶೀಟಿನ ಮೂಲೆಯನ್ನು ಮಡಚುತ್ತಲೇ ಇದ್ದಳು, ನನ್ನ ಕಡೆ ನೋಡಲಿಲ್ಲ. ಹೃದಯ ನಿಂತಿತು ಎಂದು ಬೇರೆಯವರು ಹೇಳಿದರು. ಭಾನುವಾರ ಮಧ್ಯಾಹ್ನ ಊಟ ಮಾಡಿ ಕುಳಿತವರು ಹಾಗೆಯೇ ಹೋಗಿಬಿಟ್ಟರು ಎಂದರು. ಆ ದಿನ ಸೂಜಿ ಚುಚ್ಚಿದಾಗ ನಾನು ಪುನಃ ಅತ್ತೆ. ಬೈಯಲಿಕ್ಕೆ ಯಾರೂ ಇರಲಿಲ್ಲ.

ಈಗ ನಿಮಗೆ ಗೊತ್ತಿಲ್ಲದ ಕಥೆ. ಅಲ್ಲ, ಸ್ವಲ್ಪ ನಿಮಗೂ ಗೊತ್ತಿತ್ತು ಎಂದು ಆಮೇಲೆ ತಿಳಿಯಿತು! ಒಂದು ಬೆಳಗ್ಗೆ ಇವರು ನೀರುದೋಸೆ ತಿನ್ನುತ್ತಾ, ಮಾರುಕಟ್ಟೆಗೆ ಹೋಗಿ ಬರುತ್ತೇನೆ ಎನ್ನುವ ಧಾಟಿಯಲ್ಲಿ, "ನನ್ನ ಕಿಡ್ನಿ ನಿನಗೆ ಆಗ್ತದಂತೆ. ಟೆಸ್ಟ್ ಮಾಡಿಸಿ ಆಯ್ತು" ಎಂದರು. ನನ್ನ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು.

"ಯಾರನ್ನು ಕೇಳಿ ಟೆಸ್ಟ್ ಮಾಡಿಸಿದ್ರಿ ನೀವು?"

"ಹಮೀದಾಕನನ್ನು ಕೇಳಿ. ಒಂದು ದಿನ ವರಾಂಡದಲ್ಲಿ ಹಿಡಿದು, 'ನಿನ್ನ ಬ್ಲಡ್ ಗ್ರೂಪ್ ಎಂತ?' ಅಂತ ಕೇಳಿದ್ರು. ಹೇಳಿದೆ. 'ಮತ್ತೆ ಎಂತಕ್ಕೆ ಕಾಯುವುದು?' ಅಂದ್ರು."

ಹೌದಾ ಹಮೀದಾಕ? ನಿಮ್ಮ ಹೃದಯ ಕಿಡ್ನಿ ಕಸಿಯನ್ನು ತಡೆದುಕೊಳ್ಳುವುದಿಲ್ಲ ಎಂದು ಡಾಕ್ಟರರು ನಿಮಗೆ ಹೇಳಿ ಆಗಿತ್ತು. ಅಂಥದ್ದರಲ್ಲಿ ನೀವು ಹೊರಗೆ ನಿಂತು ನನಗಾಗಿ... ನನ್ನ ಹತ್ತಿರ ಒಂದು ಮಾತು ಹೇಳಬಾರದಿತ್ತಾ?

ನಮ್ಮ ಅತ್ತೆ ಅಂದು ಎಬ್ಬಿಸಿದ ಗಲಾಟೆಯನ್ನು ನೀವು ನೋಡಬೇಕಿತ್ತು. "ಲೋಕದಲ್ಲಿ ಹೆಂಡತಿ ಗಂಡನಿಗೆ ಕೊಡುವುದು ಕೇಳಿದ್ದೇನೆ. ಇದೆಂತ ಉಲ್ಟಾ? ದುಡಿಯುವ ಗಂಡಸು, ನಾಳೆ ನಿನಗೆ ಎಂತಾದ್ರೂ ಆದ್ರೆ?" ಎಂದರು. ಇವರು ಶಾಂತವಾಗಿ, "ಅಮ್ಮ, ಅವಳದ್ದು ಎರಡೂ ಹೋಗಿದೆ. ಕೊಡಲಿಕ್ಕೆ ಅವಳ ಹತ್ತಿರ ಎಂತ ಉಂಟು?" ಎಂದರು. ನಾನೂ ಅತ್ತೆಯ ಪಕ್ಷವನ್ನೇ ಹಿಡಿದೆ. ಬೇಡವೇ ಬೇಡ ಎಂದೆ. ನನ್ನಿಂದಾಗಿ ಇವರೂ ಆ ಮಂಚದಲ್ಲಿ ಮಲಗುವ ಹಾಗಾದರೆ? ಡಾಕ್ಟರರು ನಮ್ಮ ಮೂವರನ್ನೂ ಕೂರಿಸಿ, ಇರುವ ಅಪಾಯವನ್ನು ಮುಚ್ಚಿಡದೆ ವಿವರಿಸಿದರು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಎಲ್ಲ ಕೇಳಿ, ಕೊನೆಗೆ ನನ್ನ ಕೈ ಹಿಡಿದು, "ಅವನು ಹಟಮಾರಿ. ನೀನಾದ್ರೂ ಹ್ಞೂಂ ಅಂತ ಹೇಳು, ಮನೆಯಲ್ಲಿ ಜಗಳ ಮುಗೀಲಿ" ಎಂದರು. ಅದೇ ಅವರ ಒಪ್ಪಿಗೆ. ನಾನು ಹ್ಞೂಂ ಎಂದೆ.

ಆಪರೇಷನ್ ಆಗಿ ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಮಾಸ್ಕ್ ಹಾಕಿದ ಒಬ್ಬ ನರ್ಸಿನ ನಗುವ ಕಣ್ಣು. "ಅಕ್ಕಾ, ಮೂತ್ರ ಬರ್ತಾ ಉಂಟು. ನೋಡಿ, ಚೀಲ ತುಂಬ್ತಾ ಉಂಟು!" ಎಂದಳು. ಹಮೀದಾಕ, ಈ ಲೋಕದಲ್ಲಿ ಇದು ಅರ್ಥವಾಗುವವರು ಎಷ್ಟು ಮಂದಿ? ಒಂದು ಹನಿಗೂ ಗತಿಯಿಲ್ಲದೆ ವರ್ಷಗಟ್ಟಲೆ ಕಳೆದ ನಮಗಲ್ಲದೆ? ಮಂಚದ ಬದಿಯಲ್ಲಿ ತೂಗುತ್ತಿದ್ದ ಆ ಹಳದಿ ಚೀಲವನ್ನು ನಾನು ಬಂಗಾರದ ಅಂಗಡಿಯ ಗಾಜಿನೊಳಗೆ ನೋಡುವವಳ ಹಾಗೆ ನೋಡಿದೆ. ಬೇರೆ ವಾರ್ಡಿನಲ್ಲಿದ್ದ ಇವರು ನೋವಿನಲ್ಲೇ ಕೇಳಿದ ಮೊದಲ ಪ್ರಶ್ನೆಯೂ ಅದೇ ಅಂತೆ: "ಬಂತಾ?" ಹೊರಗೆ ಕಾರಿಡಾರಿನಲ್ಲಿ ಅತ್ತೆ ಕುಲಶೇಖರದಲ್ಲಿರುವ ನನ್ನ ನಾದಿನಿಗೆ ಫೋನು ಮಾಡಿ, ಲಿಫ್ಟಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವ ಹಾಗೆ ತುಳುವಿನಲ್ಲಿ "ಬತ್ತ್ಂಡ್, ಬತ್ತ್ಂಡ್!", ಬಂತು ಬಂತು ಎಂದು ಕೂಗಿದರಂತೆ. ಯಾರೋ ಮಗು ಹುಟ್ಟಿತೆಂದು ತಿಳಿದು ಅವರಿಗೆ ಶುಭಾಶಯ ಹೇಳಿದರಂತೆ. ಅತ್ತೆ ಬೇಡ ಅನ್ನಲಿಲ್ಲ, ಕೈ ಮುಗಿದು ತೆಗೆದುಕೊಂಡರಂತೆ!

ಎಲ್ಲ ಸರಿಯಾಯಿತು ಎಂದು ನಿಮ್ಮ ಹತ್ತಿರ ಸುಳ್ಳು ಹೇಳುವುದಿಲ್ಲ. ಕೆಟ್ಟ ಕಿಡ್ನಿ ಎರಡನ್ನೂ ಒಳಗೇ ಬಿಟ್ಟಿದ್ದಾರೆ, ಹೊಸದನ್ನು ಮೈ ತಳ್ಳದ ಹಾಗೆ ಮಾತ್ರೆಗಳು ಬದುಕಿಡೀ ಉಂಟು. ಆ ಮಾತ್ರೆಗೆ ಕೈ ಸ್ವಲ್ಪ ನಡುಗುತ್ತದೆ. ಸೂಜಿಗೆ ನೂಲು ಹಾಕಲು ಅತ್ತೆಯನ್ನು ಕರೆಯಬೇಕು. ಸೋಂಕು ತಗಲೀತೆಂದು ಕೆಮ್ಮುವವರು ಹತ್ತಿರ ಬಂದರೆ ದೂರ ಸರಿಯುತ್ತೇನೆ, ಮೈ ಸ್ವಲ್ಪ ಬಿಸಿಯಾದರೂ ಥರ್ಮಾಮೀಟರ್ ಹುಡುಕುತ್ತೇನೆ. ಆದರೆ ಬೆಳಗ್ಗೆ ಎದ್ದಾಗ ಕನ್ನಡಿಯಲ್ಲಿ ಕಾಣುವುದು ನನ್ನದೇ ಮುಖ. ನಿನ್ನೆ ಒಂದು ರವಿಕೆ ಪೂರ್ತಿ ಹೊಲಿದೆ. ಮತ್ತೆ, ಬಂಗುಡೆ ಬಂಗುಡೆಯ ಹಾಗೆಯೇ ಇತ್ತು! ಉಪ್ಪು ಕಡಿಮೆ ಹಾಕಿದ್ದೆವು, ಆದರೂ ನಾನು ಮುಳ್ಳು ಚೀಪುವಾಗ ಮನೆಯವರೆಲ್ಲ ತಿನ್ನುವುದು ಬಿಟ್ಟು ನನ್ನನ್ನೇ ನೋಡುತ್ತಾ ಕುಳಿತಿದ್ದರು.

ಇವತ್ತು ಬೆಳಗ್ಗೆ ತಪಾಸಣೆ ಇತ್ತು. ಕಿಡ್ನಿ ಚೆನ್ನಾಗಿದೆ, ಇನ್ನು ಹೊಲಿಗೆ ಅಂಗಡಿ ತೆರೆಯಬಹುದು ಎಂದು ಡಾಕ್ಟರರು ಹೇಳಿದರು. ವಾಪಸು ಬರುವಾಗ ಕೊಡಿಯಾಲ್‌ಬೈಲಿನಲ್ಲಿ ರಿಕ್ಷಾ ವಾಹನಗಳ ನಡುವೆ ಸಿಕ್ಕಿಬಿತ್ತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ನನಗೆ ಕುಳಿತಿರಲು ಆಗಲಿಲ್ಲ. "ಇಳಿಯಿರಿ, ನಡೆದೇ ಹೋಗುವ" ಎಂದೆ. "ಈ ಬಿಸಿಲಿಗಾ? ಈ ಏರಿನಲ್ಲಾ?" ಎಂದರು ಜೊತೆಗಿದ್ದ ಇವರು. ನಾನು ಆಗಲೇ ಇಳಿದಾಗಿತ್ತು. ಮಾಸ್ಕ್ ಸರಿ ಮಾಡಿಕೊಂಡು, ಸೆರಗು ಸಿಕ್ಕಿಸಿಕೊಂಡು ಹತ್ತಿದೆ ನೋಡಿ. ಕಾಲು ಭಾರವಿಲ್ಲ, ಎದೆಯ ಮೇಲೆ ಯಾರೂ ಕುಳಿತಿಲ್ಲ, ಉಸಿರು ತಾನಾಗಿ ಬರುತ್ತಿತ್ತು, ತಾನಾಗಿ ಹೋಗುತ್ತಿತ್ತು. ಅರ್ಧ ಏರಿದಾಗ ಹಿಂದಿನಿಂದ ಇವರ ಕೂಗು ಕೇಳಿತು.

"ಮಾರಾಯ್ತಿ, ನಿಧಾನ ಹೋಗು! ನನಗೆ ಇರುವುದು ಒಂದೇ ಕಿಡ್ನಿ!"

ಬದಿಯಲ್ಲಿ ಎಳನೀರಿನ ಬೊಂಡ ಕೆತ್ತುತ್ತಿದ್ದವನ ಕತ್ತಿ ಹಾಗೆಯೇ ನಿಂತಿತು. ನಾನು ತಿರುಗಿ, "ನನ್ನ ಹತ್ತಿರ ಮೂರು ಉಂಟು! ಆದ್ರೆ ಕೆಲಸ ಮಾಡುವುದು ನಿಮ್ಮದು ಮಾತ್ರ!" ಎಂದು ಕೂಗಿದೆ. ಇವರು ಹೊಲಿಗೆಯ ಜಾಗವನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು, ರಸ್ತೆ ಬದಿಯಲ್ಲೇ ನಿಂತು ನಗತೊಡಗಿದರು. ನಾನು ಕಾಯಲಿಲ್ಲ.

ಹಮೀದಾಕ, ಏರಿನ ತುದಿಗೆ ಮೊದಲು ತಲುಪಿದ್ದು ನಾನು.

ನಿಮ್ಮ,
ಶೋಭಾ