ದ್ರಾವ್ ದಂಡೆಯಲ್ಲಿ ಇಪ್ಪತ್ತು ನಿಮಿಷ

ಸ್ಪಿಟಾಲ್, ನವೆಂಬರ್ ನಾಲ್ಕು

ಪ್ರೀತಿಯ ರೋಸ್ವಿತಾ,

ನಿನ್ನ ವಕೀಲರ ಕಾಗದದ ನಕಲು ನಿನ್ನೆ ಕೈಸೇರಿತು. ಮೂರು ಸಲ ಓದಿದೆ. ನದೀತೀರದ ಕಾಫಿ ಅಂಗಡಿಯಲ್ಲಿ ಬಡಿಸುತ್ತಿದ್ದ ಸ್ಮಿಲ್ಯಾ, ನಾನು ಶೌಚಾಲಯಕ್ಕೆ ಹೋಗಿ ಬರುವವರೆಗೆ ನಿಮ್ಮಪ್ಪನನ್ನು ನೋಡಿಕೊಳ್ಳುತ್ತೇನೆಂದು ಒಪ್ಪಿಕೊಂಡು ಅಲಕ್ಷ್ಯ ಮಾಡಿದಳು, ಅದರಿಂದಲೇ ಅವರು ನೀರುಪಾಲಾದರು ಎಂದು ಬರೆದಿದ್ದಾರೆ. ಪೊಲೀಸರಿಗೆ ಹಾಗೆ ಹೇಳಿದವಳು ನಾನೇ. ಸ್ಮಶಾನದ ಗೇಟಿನ ಹತ್ತಿರ ನಿನಗೂ ಅದನ್ನೇ ಹೇಳಿದೆ. ಆ ದೂರು ಕೊಡಬೇಡ ಮಗಳೇ. ಯಾಕೆಂದು ಫೋನಿನಲ್ಲಿ ಹೇಳಲು ನನ್ನಿಂದಾಗದು. ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಮತ್ತೆ ಸುಳ್ಳು ಹೇಳುತ್ತೇನೆ.

ಅಕ್ಟೋಬರ್ ಒಂದಕ್ಕೆ ಆರೈಕೆ ಮನೆಯಲ್ಲಿ ಅಪ್ಪನಿಗೆ ಕೋಣೆ ಸಿಗುತ್ತದೆಂದು ನೀನೇ ಓಡಾಡಿ ಗೊತ್ತುಮಾಡಿದ್ದೆಯಲ್ಲ, ಅದಕ್ಕೆ ಮೊದಲು ಒಂದು ಸಲ ದ್ರಾವ್ ನದಿಯ ಪಕ್ಕದ ಸೈಕಲ್ ದಾರಿಯನ್ನು ಮೇಲಿನಿಂದ ಮನೆಯವರೆಗೆ ತುಳಿದು ಮುಗಿಸೋಣ ಎಂದು ನನಗೆ ಅನಿಸಿತು. ನಿನಗೆ ಹೇಳಲಿಲ್ಲ. ಹೇಳಿದ್ದರೆ ಬೈಯುತ್ತಿದ್ದೆ, ಬೈದಿದ್ದರೂ ಸರಿಯೇ ಆಗುತ್ತಿತ್ತು. ಎರಡು ಸೀಟಿನ ಜೋಡಿ ಸೈಕಲ್ಲನ್ನು ರೈಲಿಗೆ ಹತ್ತಿಸಿ ಇನ್ನಿಕೆನ್‌ನಲ್ಲಿ ಇಳಿದೆವು. ನಾನು ಮುಂದೆ, ಅವರು ಹಿಂದೆ. ಅವರ ತಲೆ ಮರೆತದ್ದನ್ನು ಕಾಲುಗಳು ಮರೆತಿರಲಿಲ್ಲ. ಮೂವತ್ತೊಂದು ವರ್ಷ ಆ ರೈಲು ಹಳಿಗಳನ್ನು ತಪಾಸಣೆ ಮಾಡುತ್ತ ನಡೆದವರಲ್ಲವೇ, ದಾರಿಯ ಪಕ್ಕ ಒಂದೊಂದು ಸೇತುವೆ ಬಂದಾಗಲೂ ಅದರ ನಂಬರನ್ನು ಕೂಗಿ ಹೇಳುತ್ತಿದ್ದರು. ಮೊದಲ ದಿನ ಲೀನ್ಸ್ ತಲುಪುವಾಗ ನನ್ನ ಬೆನ್ನು ತಟ್ಟಿ, ‘ಒಟಿ, ಚೆನ್ನಾಗ್ ಓಡಿಸ್ತೀಯ ಕಣೇ’ ಎಂದರು. ನನ್ನ ಹೆಸರು ಅವರ ಬಾಯಲ್ಲಿ ಬಂದು ಐದು ತಿಂಗಳಾಗಿತ್ತು.

ಮಾರನೆಯ ದಿನ ಅದೆಲ್ಲ ಹೋಯಿತು. ಬೆಳಗ್ಗೆ ಷೂ ಹಾಕಿಸುವಾಗ ನನ್ನ ಮೇಲೆ ಕೈ ಎತ್ತಿದರು. ಈಸ್ಟರ್‌ಗೆ ನೀನು ಬಂದಾಗ ನನ್ನ ಕೆನ್ನೆ ಬಾತಿತ್ತು, ಮೆಟ್ಟಿಲಲ್ಲಿ ಜಾರಿದೆ ಎಂದಿದ್ದೆ. ಜಾರಿರಲಿಲ್ಲ. ಅಪ್ಪನನ್ನು ಎಲ್ಲಾದರೂ ಸೇರಿಸು ಎಂದು ನೀನು ಹೇಳಿದ್ದಕ್ಕೆ, ವರ್ಷಕ್ಕೆರಡು ಸಲ ಬಂದು ಅಪ್ಪಣೆ ಕೊಡುವವಳು ನೀನು ಎಂದು ನಾನು ಕೂಗಾಡಿದೆನಲ್ಲ, ಆಗಲೂ ನೀನು ಹೇಳಿದ್ದೇ ಸರಿ ಎಂದು ನನಗೆ ಗೊತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ, ರೈಲು ಸೇತುವೆಯ ಪಕ್ಕದ ಆ ಅಂಗಡಿಯ ತೋಟದಲ್ಲಿ ಕುಳಿತೆವು. ಹಿಂದಿನ ವಾರ ಮಳೆ ಬಂದು ನದಿ ಕೆಂಪಗೆ, ದಂಡೆಯ ಮಟ್ಟಕ್ಕೇ ಹರಿಯುತ್ತಿತ್ತು. ನಾನು ಎರಡು ಸೂಪು ಹೇಳಿದೆ. ನಿಮ್ಮಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಅಪರಿಚಿತ ಹೆಂಗಸಿನ ಜೊತೆ ಮಾತಾಡುವ ಹಾಗೆ ಬಹಳ ಮರ್ಯಾದೆಯಿಂದ ನನಗೆ ಹೇಳಿದರು:

‘ನೀವ್ ತುಂಬಾ ಒಳ್ಳೇವ್ರು ಕಣಮ್ಮ. ಆದ್ರೆ ನಾನಿನ್ನು ಹೊರಡ್ಬೇಕು. ಮನೇಲಿ ನನ್ ಹೆಂಡ್ತಿ ಕಾಯ್ತಿರ್ತಾಳೆ.’

ನಾನೇ ಆ ಹೆಂಡತಿ ಎಂದು ಹೇಳಲಿಲ್ಲ. ನಾಲ್ಕು ವರ್ಷ ಹೇಳಿ ಸಾಕಾಗಿತ್ತು. ‘ಹಾಗಾದ್ರೆ ಹೊರಡಿ’ ಎಂದೆ.

ರೋಸ್ವಿತಾ, ನಾನು ಶೌಚಾಲಯಕ್ಕೆ ಹೋಗಿರಲಿಲ್ಲ. ಕುರ್ಚಿಯಲ್ಲೇ ಕುಳಿತಿದ್ದೆ. ಅವರು ಎದ್ದು ಹೋಗಿ ಸೈಕಲ್ಲನ್ನು ಗೋಡೆಯಿಂದ ಬಿಡಿಸಿದರು. ನಾನು ಬೀಗ ಹಾಕಿರಲಿಲ್ಲ. ಮುಂದಿನ ಸೀಟಿಗೆ ಹತ್ತಿ ಒಂದೆರಡು ಸಲ ಓಲಾಡಿ, ಆಮೇಲೆ ನೆಟ್ಟಗೆ ಹೊರಟರು. ಹಿಂದಿನ ಸೀಟು ಖಾಲಿ, ಅದರ ಪೆಡಲು ತಾನೇ ತಿರುಗುತ್ತಿತ್ತು. ಪಾಪ್ಲರ್ ಮರಗಳ ಸಾಲಿನವರೆಗೂ ನೋಡಿದೆ. ಕೂಗಿದ್ದರೆ ಕೇಳಿಸುವಷ್ಟು ಹತ್ತಿರವಿದ್ದರು.

ಸೂಪು ಬಂತು. ನನ್ನದನ್ನು ಕುಡಿದೆ. ಸ್ಮಿಲ್ಯಾ ಬಂದು ಯಜಮಾನರೆಲ್ಲಿ ಎಂದು ಕೇಳಿದಳು. ಒಳಗೆ ಕೈ ತೊಳೆಯಲು ಹೋಗಿದ್ದಾರೆ ಎಂದೆ. ತಣ್ಣಗಾಗುತ್ತದೆ, ಮುಚ್ಚಿಡಲೇ ಎಂದಳು. ಬೇಡ ಎಂದೆ. ಅವಳು ಹೋದ ಮೇಲೆ ಅವರ ಸೂಪನ್ನೂ ಕುಡಿದೆ. ಅದೆಷ್ಟು ರುಚಿಯಾಗಿತ್ತೆಂದು ನಿನಗೆ ಬರೆಯಲು ನಾಚಿಕೆಯಾಗುತ್ತದೆ. ಯಾರ ಬಾಯಿಯನ್ನೂ ಒರೆಸದೆ ಬಿಸಿಬಿಸಿ ಊಟ ಮಾಡಿ ಎಷ್ಟು ದಿನವಾಗಿತ್ತೋ. ಸೇತುವೆಯ ಮೇಲೆ ಲೀನ್ಸ್ ಕಡೆಯ ರೈಲು ಹೋಯಿತು. ಆಗ ಗಡಿಯಾರ ನೋಡಿದೆ. ಇಪ್ಪತ್ತು ನಿಮಿಷವಾಗಿತ್ತು. ಆಮೇಲೆ ಎದ್ದು ಚೀರಿದೆ.

ದಾರಿ ಮುಂದಿನ ಸೇತುವೆಯತ್ತ ತಿರುಗುವ ಕಡೆ ಅವರು ತಿರುಗಿರಲಿಲ್ಲ, ನೆಟ್ಟಗೆ ನದಿಗೇ ಹೋಗಿದ್ದರು. ಸಂಜೆ ಸೈಕಲ್ ಸಿಕ್ಕಿತು. ಅವರು ಮೂರು ದಿನದ ಮೇಲೆ ಕೆಳಗಿನ ಮರಳುದಿಬ್ಬದಲ್ಲಿ. ನಿನಗೆ ತೋರಿಸಬೇಡಿ ಎಂದು ನಾನೇ ಕೇಳಿಕೊಂಡೆ.

ಸ್ಮಿಲ್ಯಾ ಪೊಲೀಸರಿಗೆ ನಿಜವನ್ನೇ ಹೇಳಿದಳು. ತನಗೆ ಯಾರೂ ನೋಡಿಕೋ ಎನ್ನಲಿಲ್ಲ, ಒಳಗಿದ್ದಾರೆ ಎಂದು ಹೆಂಡತಿಯೇ ಹೇಳಿದರು ಅಂದಳು. ಅಳುತ್ತಿದ್ದ ಮುದುಕಿಯ ಮಾತನ್ನು ಎಲ್ಲರೂ ನಂಬಿದರು. ಅವಳ ಮಾತು ತೊದಲು, ನಮ್ಮ ಭಾಷೆ ಅವಳಿಗೆ ಪೂರ್ತಿ ಬಾರದು. ಮಾಲೀಕ ಅವಳನ್ನು ಕೆಲಸದಿಂದ ತೆಗೆದ. ಹದಿನೈದು ದಿನದ ಹಿಂದೆ ಇಲ್ಲಿಯ ಸಂತೆಯಲ್ಲಿ ಸಿಕ್ಕಿದಳು, ಈಗ ಯಾವುದೋ ಬಟ್ಟೆ ಒಗೆಯುವ ಕಡೆ ಕೆಲಸವಂತೆ, ಕೈಯೆಲ್ಲ ಒಡೆದಿದೆ. ನಾನು ತಲೆ ತಗ್ಗಿಸಿ ದಾಟಲು ನೋಡಿದೆ. ಅವಳೇ ಅಡ್ಡ ನಿಂತಳು. ಜಗಳ ತೆಗೆಯುತ್ತಾಳೆ ಎಂದುಕೊಂಡೆ.

‘ನಮ್ಮಮ್ಮಂಗೂ ಇದೇ ಕಾಯ್ಲೆ ಇತ್ತು. ನಿಮ್ ಕಷ್ಟ ನಂಗೊತ್ತು’ ಎಂದಳು. ‘ಆದ್ರೆ ನಂದೇನ್ ತಪ್ಪಿತ್ತು, ಹೇಳಿ?’

ನಾನು ಕ್ಯಾರೆಟ್ಟಿನ ಚೀಲ ಹಿಡಿದು ಮನೆಗೆ ಬಂದುಬಿಟ್ಟೆ. ಈಗ ನಿನ್ನ ಕಾಗದ ಬಂದಿದೆ.

ಕಾಯಿಲೆ ಗೊತ್ತಾದ ವರ್ಷ, ಬುದ್ಧಿ ಇನ್ನೂ ನೆಟ್ಟಗಿದ್ದಾಗ, ಬೀಗ ಹಾಕುವ ಕಡೆಗೆ ನನ್ನನ್ನು ಕಳಿಸಬೇಡ ಎಂದು ನಿಮ್ಮಪ್ಪ ಕೈಹಿಡಿದು ಕೇಳಿದ್ದರು. ಅವರ ಮಾತು ನಡೆಸಿಕೊಟ್ಟೆ ಎಂದು ನಿನಗೆ ಬರೆಯಬಹುದಿತ್ತು. ನೀನು ನಂಬುತ್ತಿದ್ದೆ, ಬಹುಶಃ ಅಳುತ್ತಲೂ ಇದ್ದೆ. ಆದರೆ ಆ ಕುರ್ಚಿಯಲ್ಲಿ ಅದು ನನ್ನ ನೆನಪಿಗೇ ಬರಲಿಲ್ಲ. ಸುಸ್ತಾಗಿತ್ತು, ಅಷ್ಟೇ.

ನಾಳೆ ಬೆಳಗ್ಗೆ ಠಾಣೆಗೆ ಹೋಗಿ ಹೇಳಿಕೆ ಬದಲಿಸುತ್ತೇನೆ. ಆಮೇಲೆ ಸ್ಮಿಲ್ಯಾಳ ಮನೆಗೆ. ಪೊಲೀಸರು ನನಗೇನು ಮಾಡುತ್ತಾರೋ ಗೊತ್ತಿಲ್ಲ, ಕೇಳಿಲ್ಲ. ನೀನು ಕ್ರಿಸ್‌ಮಸ್‌ಗೆ ಬರುವುದು ಬಿಡುವುದು ನಿನ್ನಿಷ್ಟ. ಬರದಿದ್ದರೂ ಅಪ್ಪನ ಗೋರಿಯ ಮೇಲಿನ ಹಿಮ ಗುಡಿಸಲು ಯಾರಿಗಾದರೂ ಹೇಳು, ನಾನು ಇರುತ್ತೇನೋ ಇಲ್ಲವೋ.

ನಿನ್ನ ಅಮ್ಮ,
ಒಟಿಲಿಯ

ಮರೆತದ್ದು: ಬರೆದದ್ದನ್ನೆಲ್ಲ ಮತ್ತೆ ಓದಿದೆ. ಎಲ್ಲ ಆ ಕುರ್ಚಿಯಲ್ಲೇ, ಆ ಗಳಿಗೆಯಲ್ಲೇ ಆಯಿತು ಎನ್ನುವ ಹಾಗಿದೆ. ಹಾಗಲ್ಲ. ದಾರಿ ತಪ್ಪಿದರೆ ಯಾರಾದರೂ ಕರೆತರಲೆಂದು ಮನೆಗೆ ಬರುತ್ತಿದ್ದ ನರ್ಸು ಅವರ ಹೆಸರು, ನನ್ನ ಫೋನ್ ನಂಬರು ಬರೆದ ಚೀಟಿಯನ್ನು ಅವರ ಕೊರಳಿಗೆ ಕಟ್ಟಿದ್ದಳು. ಆ ದಿನ ಬೆಳಗ್ಗೆ, ಅವರಿನ್ನೂ ನಿದ್ದೆಯಲ್ಲಿದ್ದಾಗ, ದಾರವನ್ನು ಕತ್ತರಿಸಿ ತೆಗೆದವಳು ನಾನು.